ಮೇಣದ ಗಿಡ ಮತ್ತು ಮನೆಯ ಮೂಗು

ನಮ್ಮ ಮನೆಯಲ್ಲಿ ನನಗೊಂದು ಹುದ್ದೆಯಿದೆ: ಮೂಗು. ನಗಬೇಡಿ. ಹಿಂದೊಮ್ಮೆ ಬಂದ ಜ್ವರ ವಾಪಸು ಹೋಗುವಾಗ ನನ್ನ ಹೆಂಡತಿ ಸುಮಳ ವಾಸನೆ ಹಿಡಿಯುವ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಅಂದಿನಿಂದ ಹಾಲು ಕೆಟ್ಟಿದೆಯೇ, ಒಗ್ಗರಣೆ ಸೀಯಿತೇ ಎಂದು ಮೂಸಿ ಹೇಳುವುದು ನನ್ನ ಕೆಲಸ. ಸಂಜೆ ಮಲ್ಲಿಗೆ ಮುಡಿದು, "ಘಂ ಅಂತಿದೆಯೇನ್ರೀ?" ಎಂದು ಕೇಳುತ್ತಾಳೆ. ಹೂಂ ಎನ್ನುವಾಗ ಸಂಕಟವಾಗುತ್ತದೆ. ತನ್ನ ಮುಡಿಯ ಹೂವಿನ ಸುದ್ದಿಯನ್ನು ಇನ್ನೊಬ್ಬರಿಂದ ಕೇಳಿ ತಿಳಿಯುವ ಸ್ಥಿತಿ ಯಾರಿಗೂ ಬೇಡ.

ಬಲವಾದ ಪರಿಮಳಗಳನ್ನು ದಿನಾ ಮೂಸುತ್ತಿದ್ದರೆ ಶಕ್ತಿ ಮರಳಿದರೂ ಮರಳೀತು ಎಂದಿದ್ದರು ಡಾಕ್ಟರು. ಲವಂಗ, ನಿಂಬೆಸಿಪ್ಪೆ, ಕರ್ಪೂರ ಎಲ್ಲ ಆಯಿತು. ಆಗ ಸಾರಕ್ಕಿ ಕಡೆಯ ನರ್ಸರಿಯಲ್ಲಿ ಕಣ್ಣಿಗೆ ಬಿದ್ದದ್ದು ಬೇಬೆರಿ. ಕನ್ನಡದ ಹೆಸರು ನನಗೆ ಗೊತ್ತಿಲ್ಲ. ಮೇಣದ ಗಿಡ ಎಂದು ನಾನೇ ನಾಮಕರಣ ಮಾಡಿದೆ. ವರ್ಷವಿಡೀ ಹಸಿರಾಗಿರುವ ಪೊದೆ. ಎಲೆ ಹೊಸಕಿದರೆ ಬೆರಳೆಲ್ಲ ಘಮ. ಹಣ್ಣು ಕಾಳುಮೆಣಸಿನಷ್ಟು, ಮೈಮೇಲೆ ಬೂದು ಮೇಣ. ದೂರದ ಸೀಮೆಗಳಲ್ಲಿ ಅದನ್ನು ನೀರಿನಲ್ಲಿ ಕುದಿಸಿ, ತೇಲಿದ ಮೇಣದಿಂದ ಬತ್ತಿ ಎರೆಯುತ್ತಿದ್ದರಂತೆ, ಸಾಬೂನು ಮಾಡುತ್ತಿದ್ದರಂತೆ, ಇಸ್ತ್ರಿಪೆಟ್ಟಿಗೆಯ ತಳಕ್ಕೂ ಸವರುತ್ತಿದ್ದರಂತೆ. ಹಾಗಾದರೆ ಅವರ ಅಂಗಿಗಳಲ್ಲೂ ಕಾಡಿನ ಪರಿಮಳ ಇದ್ದಿರಬೇಕು ಎಂದು ಯೋಚಿಸುತ್ತ, ನರ್ಸರಿಯಿಂದ ಬರುವ ದಾರಿಯಲ್ಲಿ ಹಸಿರು ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿಕೊಂಡೇ ಇದ್ದೆ. ಹಿಂದಿನ ಬಸ್ಸಿನವನು ಹಾರನ್ ಹೊಡೆದು ಎಚ್ಚರಿಸಿದ.

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಜೋಡಿಯಾಗಿಯೇ ತಂದು ತಾರಸಿಯಲ್ಲಿಟ್ಟೆ. ಮನೆ ಓನರ್ ಗೌರಮ್ಮ ಜರಗನಹಳ್ಳಿಯ ಹಳಬರು. ಈ ಮನೆ ನಿಂತಿರುವ ಜಾಗದಲ್ಲಿ ರಾಗಿ ಬೆಳೆದವರು.

"ಮುಡಿಯೋಕೆ ಹೂವಿಲ್ಲ, ತಿನ್ನೋಕೆ ಹಣ್ಣಿಲ್ಲ. ಇದಕ್ಯಾಕ್ ಸಾರ್ ಕಾವೇರಿ ನೀರು?" ಎಂದರು. ಸುಮಳ ವಿಷಯ ಹೇಳಿದೆ. ಮರುದಿನದಿಂದ ನೀರು ಹಾಕುವುದು ಅವರದೇ ಕೆಲಸವಾಯಿತು.

ಅಂತೂ ಈ ಸಲ ಒಂದು ಹಿಡಿ ಹಣ್ಣು ಸಿಕ್ಕಿತು. ಮೇಣದಬತ್ತಿಗೆ ಸಾಲದಿದ್ದರೇನು, ಹಣತೆಯಲ್ಲಿ ಎರೆದು ಹಚ್ಚಿದರಾಯಿತು. ಭಾನುವಾರ ಬೆಳಿಗ್ಗೆ ಸುಮಳಿಗೆ ಹೇಳದೆ ಕುದಿಯಲಿಟ್ಟೆ. ಗಾಳಿಗೆ ಉರಿ ಆರದಿರಲೆಂದು ಕಿಟಕಿ ಮುಚ್ಚಿದೆ. ನೀರಿನ ಮೇಲೆ ಹಸಿರು ಪೊರೆಯೊಂದು ತೇಲತೊಡಗಿತು. ಹಣತೆಯ ಮುಂದೆ ಕೂತು ಸುಮ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾಳೆ, ಆಮೇಲೆ ಮೆಲ್ಲಗೆ ನಗುತ್ತಾಳೆ... ಗೋಡೆಗೊರಗಿ ನಾನು ಎಲ್ಲೋ ಹೋಗಿಬಿಟ್ಟೆ.

"ರೀ! ಅದೇನ್ರೀ ಸೀಯಿಸ್ತಿದ್ದೀರಾ?" ಹೊರಗಿನ ಕೋಣೆಯಿಂದ ಸುಮ ಕೂಗಿದಳು.

ನೀರು ಬತ್ತಿ, ಹಣ್ಣು, ಮೇಣ ಎಲ್ಲ ತಳ ಹಿಡಿದು ಕರಕಲಾಗಿದ್ದವು. ಗಡಬಡಿಸಿ ಸ್ಟವ್ ಆರಿಸಿದೆ. ಇಕ್ಕಳ ಹಿಡಿದ ಕೈ ಅಲ್ಲೇ ನಿಂತಿತು. ಅವಳಿದ್ದ ಕಡೆಗೆ ಹೊಗೆಯೂ ಹೋಗಿರಲಿಲ್ಲ.

ತಿರುಗಿದರೆ ಸುಮ ಬಾಗಿಲಲ್ಲಿ ನಿಂತಿದ್ದಳು. "ಥೂ, ಏನ್ ಗಬ್ಬು ವಾಸನೆ!" ಎಂದಳು. ಕಣ್ಣಲ್ಲಿ ನೀರು. ನಾನು ಕಿಟಕಿ ತೆಗೆಯಲು ಕೈ ಚಾಚಿದೆ.

"ತೆಗೀಬೇಡಿ," ಎಂದಳು, "ಇನ್ನೂ ಸ್ವಲ್ಪ ಹೊತ್ತು ಇರ್ಲಿ."