ಗದ್ದ ಎತ್ತಿ ಅಳೆದ ವೈಸು

ನಮ್ಮ ಮನೆಯವರು ಮಿಲ್ಲಿನ ಫಿಟ್ಟರ್ ಕೆಲಸ ಬಿಟ್ಟು ಕರುಮತ್ತಂಪಟ್ಟಿಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ್ದು ಎಂಬತ್ತರ ದಶಕದ ನಡುವಿನಲ್ಲಿ. ವರ್ಕ್‌ಶಾಪ್ ಎಂದರೆ ಬೇರೇನಲ್ಲ, ಮನೆಗೆ ಅಂಟಿಕೊಂಡಂತೆ ಮೊದಲು ಎಮ್ಮೆ ಕಟ್ಟುತ್ತಿದ್ದ ಹಂಚಿನ ಕೊಟ್ಟಿಗೆ. ಸುತ್ತಲಿನ ಬೀದಿಗಳಲ್ಲೆಲ್ಲ ಪವರ್‌ಲೂಮ್‌ಗಳು ಬಡಿದುಕೊಳ್ಳುತ್ತಿದ್ದವು. ದಿನಕ್ಕೊಂದಾದರೂ ಮಗ್ಗ ಕೆಟ್ಟು ನಿಲ್ಲುತ್ತಿತ್ತು.

ಮೊದಲು ಬಂದ ಸಾಮಾನು ಬೆಂಚ್ ವೈಸು, ಕಬ್ಬಿಣವನ್ನು ಕಚ್ಚಿ ಹಿಡಿಯುವ ಆ ದೊಡ್ಡ ಇಕ್ಕಳ. ಕೊಯಮತ್ತೂರಿನಿಂದ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಹೆರಿಗೆಯಾಗಿ ನಾನು ತವರಿನಿಂದ ಬಂದಾಗ ಮಗಳನ್ನು ಕೂಡ ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

ಹುಣಸೆ ಮರದ ದಪ್ಪ ಹಲಗೆಗೆ ನಾಲ್ಕು ಕಬ್ಬಿಣದ ಪೈಪು ಕಾಲು ಕೊಟ್ಟು, ಕಾಲುಗಳನ್ನು ನೆಲದಲ್ಲಿ ಸಿಮೆಂಟು ಹಾಕಿ ಹೂಳುವುದೆಂದಾಯಿತು. ಎಷ್ಟು ಎತ್ತರ ಎನ್ನುವುದಕ್ಕೆ ಅವರ ಬಳಿ ಮಿಲ್ಲಿನಲ್ಲಿ ಕಲಿತ ಲೆಕ್ಕವಿತ್ತು. ಮೊಣಕೈಯನ್ನು ವೈಸಿನ ಮೇಲೆ ಊರಿದರೆ ಮುಷ್ಟಿ ಗದ್ದಕ್ಕೆ ತಾಗಬೇಕು. ಅವರು ಗೋಡೆಗೆ ಒರಗಿ ನಿಂತು ಗದ್ದದ ಕೆಳಗೆ ಮುಷ್ಟಿ ಇಟ್ಟರು. ಮೊಣಕೈ ಇದ್ದ ಕಡೆ ಸೀಮೆಸುಣ್ಣದಿಂದ ಗೀಟು ಎಳೆಯುವುದು ನನ್ನ ಕೆಲಸ.

ಎಳೆಯಲು ಹೋಗಿ ನೋಡಿದರೆ, ಮುಖ ಸೂರಿನ ಕಡೆ. ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ಎದೆ ಉಬ್ಬಿಸಿಕೊಂಡು ನಿಂತಿದ್ದಾರೆ. ಸ್ವಂತ ವರ್ಕ್‌ಶಾಪಿನ ಹೆಮ್ಮೆಯೆಲ್ಲ ಗದ್ದಕ್ಕೆ ಏರಿತ್ತು. ಕಾಲಲ್ಲಿ ಬೇರೆ ಹೊಸ ಟೈರ್ ಚಪ್ಪಲಿ; ಕೆಲಸ ಮಾಡುವುದೋ ಬರಿಗಾಲಲ್ಲಿ.

“ಏನುಂಗ, ಗದ್ದ ಒಸಿ ಇಳಿಸ್ಕೊಳ್ಳಿ” ಎಂದೆ.

“ನೇರಾ ನಿಂತ್ರೆ ಹಿಂಗೇ ಇರೋದು. ನೀನು ಗೀಟು ಹಾಕು ಸಾಕು.”

ಹಾಕಿದೆ. ಚಪ್ಪಲಿಯ ವಿಷಯ ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರಮಟ್ಟಿಗೆ ನನ್ನದೂ ತಪ್ಪಿದೆ.

ಸಿಮೆಂಟು ಒಣಗಿತು. ವೈಸನ್ನು ಬೆಂಚಿನ ಕಾಲಿನ ನೇರಕ್ಕೆ, ಅಂಚಿನಿಂದ ತುಸು ಮುಂದೆ ಬರುವಂತೆ ಕೂರಿಸಿ, ನಾಲ್ಕು ಬೋಲ್ಟು ಹಾಕಿ ಬಿಗಿದರು. ಕುಂಕುಮವಿಟ್ಟು ಕರ್ಪೂರ ಬೆಳಗಿದ್ದಾಯಿತು. ವಾರ ಕಳೆಯುವುದರೊಳಗೆ ಭುಜ ನೋವು ಶುರು. ಕಬ್ಬಿಣ ಉಜ್ಜುವ ಅರ ಸರಿಯಿಲ್ಲ ಎಂದರು, ಹೊಸ ಅರ ತಂದರು. ದಿಂಬು ಸರಿಯಿಲ್ಲ ಎಂದರು, ನಾನು ಹತ್ತಿ ಬಿಚ್ಚಿ ಮತ್ತೆ ತುಂಬಿದೆ. ಪಾಪ, ಅವರ ಮೈಯಲ್ಲಿ ಗದ್ದವೊಂದನ್ನು ಬಿಟ್ಟು ಎಲ್ಲದರ ಮೇಲೂ ದೂರು ಬಂತು.

ಅತ್ತೆ ದಿನಾ ಮಗನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಒಂದು ದಿನ ವರ್ಕ್‌ಶಾಪಿನೊಳಗೆ ಬಂದು ಮಗ ಅರ ಆಡಿಸುವುದನ್ನು ನೋಡಿದರು. “ಏನಪ್ಪಾ, ನೀನು ವೈಸು ಹಾಕ್ದೆಯೋ, ಅಟ್ಟ ಕಟ್ದೆಯೋ?” ಎಂದರು.

“ಅಳತೆ ತಗೊಂಡೇ ಹಾಕಿರೋದಮ್ಮಾ. ಬೇಕಾದ್ರೆ ಗೀಟು ನೋಡು.”

ಗೋಡೆಯ ಗೀಟು ನೋಡಿದ ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಇದಾಗಿ ಕೆಲವು ತಿಂಗಳಿಗೆ ತಾಯಿ ಮಗ ಇಬ್ಬರೂ ಹರಕೆ ತೀರಿಸಲು ಆನೈಮಲೈಗೆ ಹೋದರು. ಅವತ್ತೇ ಮಧ್ಯಾಹ್ನ ನಾಲ್ಕು ಮನೆ ಆಚೆ ಎರಡು ಮಗ್ಗ ಓಡಿಸುತ್ತಿದ್ದ ಹೆಂಗಸು ಗೇರಿನ ಚಕ್ರವನ್ನು ಚೀಲದಲ್ಲಿ ಹಾಕಿಕೊಂಡು ಓಡಿಬಂದಳು.

“ಅಕ್ಕಾ, ಅಣ್ಣ ಇಲ್ವಾ? ಕೀ ಮುರಿದೋಯ್ತು.”

ಕೀ ಎಂದರೆ ಚಕ್ರವನ್ನು ದಂಡಕ್ಕೆ ಜಾರದ ಹಾಗೆ ಹಿಡಿದಿಡುವ ಬೆರಳುದ್ದದ ಉಕ್ಕಿನ ತುಂಡು.

“ನಾಳೆ ಸಾಯಂಕಾಲ ಬರ್ತಾರೆ ಕಣಮ್ಮಾ.”

“ನಾಳೆ ಬೆಳಿಗ್ಗೇನೇ ಬಟ್ಟೆ ಕೊಡ್ಬೇಕು. ಏನಕ್ಕಾ ಮಾಡ್ಲಿ?” ಎನ್ನುತ್ತ ಹೊಸಿಲ ಮೇಲೆ ಕುಸಿದು ಕೂತಳು.

ಈಗ ಒಂದು ಸಂಗತಿ ಒಪ್ಪಿಕೊಳ್ಳಬೇಕು. ನಮ್ಮ ಮನೆಯವರು ಊಟ ಮಾಡಿ ಮಲಗುವ ಹೊತ್ತಿನಲ್ಲಿ ನಾನು ಗುಜರಿ ಕಬ್ಬಿಣದ ಮೇಲೆ ಅರ ಆಡಿಸಿ ನೋಡುತ್ತಿದ್ದೆ. ಗೊರಕೆ ನಿಂತರೆ ಅರ ಕೆಳಗಿಡುತ್ತಿದ್ದೆ. “ತಾ ನೋಡೋಣ” ಎಂದುಬಿಟ್ಟೆ.

ಉಕ್ಕಿನ ತುಂಡೊಂದನ್ನು ಹುಡುಕಿ ವೈಸಿಗೆ ಕಚ್ಚಿಸಿದೆ. ಅವರಿಗೇ ಎತ್ತರವಾದ ವೈಸು ಗೇಣು ಗಿಡ್ಡವಿರುವ ನನಗೆ ಹೇಗಿರಬೇಕು? ಮೊಣಕೈ ಕಿವಿಯ ಹತ್ತಿರ ಬಂತು. ಅರ ಉಕ್ಕಿನ ಮೇಲೆ ಜಾರಿತೇ ಹೊರತು ಹಿಡಿಯಲಿಲ್ಲ. ನೂಲಿನ ಕೋನು ಬರುತ್ತಿದ್ದ ಮರದ ಪೆಟ್ಟಿಗೆ ಮೂಲೆಯಲ್ಲಿತ್ತು. ಬೋರಲು ಹಾಕಿ ಹತ್ತಿ ನಿಂತೆ. ಕೈ ತಾನಾಗಿ ಮಟ್ಟಕ್ಕೆ ಬಂತು. ಭಾರವೆಲ್ಲ ಅರದ ಮೇಲೆ ಬಿತ್ತು, ಉಕ್ಕಿನ ಪುಡಿ ಉದುರತೊಡಗಿತು.

ನಾಲ್ಕು ಸಲ ಚಕ್ರದಲ್ಲಿ ಕೀ ಕೂರುವ ಸೀಳಿಗೆ ಇಟ್ಟು ನೋಡಿದೆ, ನಾಲ್ಕು ಸಲವೂ ಬಿಗಿ. ಐದನೆಯ ಸಲ ಅರ್ಧ ಇಳಿಯಿತು. ಅವಳ ಮನೆಗೇ ಹೋಗಿ ಚಕ್ರವನ್ನು ದಂಡಕ್ಕೆ ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೀ ಕೂರಿಸಿದೆ. ಸ್ವಿಚ್ಚು ಹಾಕುವಾಗ ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದೆವು. ಮಗ್ಗ ಓಡಿತು. ಅವಳು ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಸೀರೆಗೆಲ್ಲ ಗ್ರೀಸು.

ಮರುದಿನ ಇವರು ಬಂದವರೇ ಪೆಟ್ಟಿಗೆ ನೋಡಿದರು.

“ಇದ್ಯಾರಿಲ್ಲಿ ಇಟ್ಟಿದ್ದು?”

“ನಾನೇ” ಎಂದು ನಡೆದದ್ದನ್ನೆಲ್ಲ ಹೇಳಿದೆ. ಕೈಕಾಲು ಕೂಡ ತೊಳೆಯದೆ ಆ ಮನೆಗೆ ಹೋದರು. ಮಗ್ಗ ನಿಲ್ಲಿಸಿ, ಚಕ್ರ ಅಲ್ಲಾಡಿಸಿ, ಟಾರ್ಚು ಬಿಟ್ಟು ನೋಡಿ ಬಂದರು.

“ಒಂದು ಮೂಲೇಲಿ ಒಸಿ ಜಾಸ್ತಿ ಉಜ್ಜಿದೀಯ” ಎಂದರು. ಮದುವೆಯಾಗಿ ಎಂಟು ವರ್ಷಕ್ಕೆ ಅವರ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅದು. ನನ್ನ ಸಾರಿಗೂ ಅಷ್ಟು ಬಂದಿರಲಿಲ್ಲ.

ಮಾರನೆಯ ದಿನ ಅಡುಗೆಮನೆಯ ಕಿಟಕಿಯಿಂದ ಇಣುಕಿದರೆ, ಯಾರೂ ನೋಡುತ್ತಿಲ್ಲವೆಂದುಕೊಂಡು ತಾವೇ ಪೆಟ್ಟಿಗೆ ಹತ್ತಿ ನಿಂತಿದ್ದಾರೆ. ಅವರಿಗೆ ಅದು ವಿಪರೀತ ಎತ್ತರ. ಸೊಂಟ ಬಗ್ಗಿಸಿ ಅರ ಆಡಿಸಿದರು, ಇಳಿದರು, ಮತ್ತೆ ಹತ್ತಿದರು. ಅತ್ತೆಯೂ ನನ್ನ ಹಿಂದೆ ಬಂದು ನಿಂತು ನೋಡಿದರು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡೆವು.

ಬೆಂಚು ಕೀಳುವುದಕ್ಕೆ ಸಿಮೆಂಟೂ ಬಿಡಲಿಲ್ಲ, ಅವರ ಮನಸ್ಸೂ ಬಿಡಲಿಲ್ಲ. ಭಾನುವಾರ ಕೂತು ಎರಡು ಮಣೆ ಮಾಡಿದರು. ಮೂರು ಬೆರಳು ದಪ್ಪದ್ದು ಅವರಿಗೆ. ಗೇಣುದ್ದ ಎತ್ತರದ್ದು ನನಗೆ; ಜಾರದಿರಲಿ ಎಂದು ಅದರ ತಳಕ್ಕೆ ಸೈಕಲ್ ಟೈರಿನ ರಬ್ಬರು ಹೊಡೆದಿದ್ದರು, ಕಾಲಿಗೆ ಸಿಬಿರು ಚುಚ್ಚದಂತೆ ಮೇಲೆ ನುಣ್ಣಗೆ ಉಜ್ಜಿದ್ದರು. ತಂದಿಟ್ಟು, ಸೈಕಲ್ ಹತ್ತಿ ಟೀ ಕುಡಿಯಲು ಹೋದರು.

ಆಮೇಲೆ ಅವರ ಭುಜ ನೋವು ಕಡಿಮೆಯಾಯಿತು. ಎಣ್ಣೆ ಒಳ್ಳೆಯದಿತ್ತು ಎಂದರು. ಅತ್ತೆ ಸುಮ್ಮನೆ ಒಪ್ಪಿಕೊಂಡರು. ಸಣ್ಣ ಕೆಲಸಗಳು ಒಂದೊಂದಾಗಿ ನನ್ನ ಕೈಗೆ ಬಂದವು. ಬೀದಿಯವರು ಬಾಗಿಲಲ್ಲೇ ನಿಂತು “ಕೀ ಮಾಡೋ ಅಕ್ಕ ಇದ್ದಾರಾ?” ಎಂದು ಕೇಳತೊಡಗಿದರು. ಇವರು ತಲೆ ಎತ್ತದೆ, “ಒಳಗೆ ದೋಸೆ ಹಾಕ್ತಾವ್ರೆ, ಕೂತ್ಕೊಳ್ಳಿ, ಬರ್ತಾರೆ” ಎನ್ನುತ್ತಿದ್ದರು. ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಆ ಗಿರಾಕಿಗಳ ಮುಂದೆ ಮಾತ್ರ.