ಪಕ್ಕದ ಮನೆಯ ಸಾಕ್ಷಿ

ಸತ್ಯವನ್ನು ಹುಡುಕಿಕೊಂಡು ಕೆಲವರು ಕಾಡಿಗೆ ಹೋದರು, ಕೆಲವರು ಗ್ರಂಥಗಳ ಧೂಳು ಕುಡಿದರು. ಲ್ಯಾಬಿನ ಅಕ್ಕ ಮಾತ್ರ ಪಕ್ಕದ ಮನೆಯವರನ್ನು ಕೇಳಿದರು. ಹಾಲು ಕೆಟ್ಟಿದೆ ಎಂದರೆ, ಅದೇ ಅಂಗಡಿಯಿಂದ ಎದುರುಮನೆಗೆ ಬಂದ ಹಾಲನ್ನು ಮೂಸಿ ನೋಡದೆ ಚೆಲ್ಲುವವರಲ್ಲ. ಮದುವೆಗೆ ಮುಂಚೆ ಗಂಡಿನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಅವನ ಮನೆಗೆ ಗೋಡೆ ಅಂಟಿಸಿಕೊಂಡವರ ಬಾಗಿಲಲ್ಲಿ ಅರ್ಧ ಗಂಟೆ ನಿಂತು ಬಂದು "ಆಗಲಿ" ಎಂದರು. ಆ ಅರ್ಧ ಗಂಟೆಯಲ್ಲಿ ಏನು ಮಾತಾಯಿತೆಂದು ಗಂಡ ಮೂವತ್ತು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಅಕ್ಕನ ಕೆಲಸ ಸ್ತನ ಕ್ಯಾನ್ಸರಿನ ಗಡ್ಡೆಯ ಚೂರುಗಳಿಗೆ ಬಣ್ಣ ಹಿಡಿಸುವುದು. ಹೂವಿನ ಎಸಳು ನಾಚುವಷ್ಟು ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ಸಾಕ್ಷಾತ್ ಪ್ರೆಷರ್ ಕುಕ್ಕರಿನಲ್ಲಿ ಬಣ್ಣ ಹಿಡಿಯುವ ಹದಕ್ಕೆ ಬೇಯಿಸಿ, ಆಮೇಲೆ ಬಣ್ಣ ಹಾಕುತ್ತಾರೆ. ಜೀವಕೋಶದೊಳಗೆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಿ ಇದ್ದರೆ ಅದು ಕಂದುಬಣ್ಣವಾಗಿ ಕಾಣುತ್ತದೆ. ಕಂಡರೆ ಹಾರ್ಮೋನು ತಡೆಯುವ ಮಾತ್ರೆ ಸಿಗುತ್ತದೆ, ಕಾಣದಿದ್ದರೆ ಇಲ್ಲ.

ಒಂದು ಮಂಗಳವಾರ, ಶಾಲೆಯ ಬಸ್ಸು ಓಡಿಸುವ ಹೆಂಗಸೊಬ್ಬರು ಹೊರಗಿನ ಬೆಂಚಿನಲ್ಲಿ ವರದಿಗಾಗಿ ಕಾಯುತ್ತಿದ್ದರು. ಒಳಗೆ ಅವರ ಸ್ಲೈಡಿನಲ್ಲಿ ಕಂದುಬಣ್ಣದ ಸುಳಿವೇ ಇಲ್ಲ. ಅಕ್ಕನ ಮಗಳ ವಯಸ್ಸಿನ ಡಾಕ್ಟರು ಸಹಿಗೆ ಪೆನ್ನು ತೆರೆದರು.

"ಪುಸ್ತಕದಲ್ಲಿ ಬರೆದಿಟ್ಟ ಹಾಗಿದೆ ಅಕ್ಕ. ನಿನ್ನೆ ಟೆಸ್ಟಲ್ಲಿ ಹರ್-ಟು ಪ್ರೋಟೀನು ಜೋರಾಗಿ ಬಂದಿತ್ತಲ್ಲ? ಅದು ಕೋಶದ ಹೊರಗೋಡೆ ಮೇಲೆ ಕೂತು 'ಬೆಳಿ, ಬೆಳಿ' ಅಂತ ಒಳಗೆ ಸುದ್ದಿ ಕಳಿಸ್ತಾನೇ ಇರುತ್ತೆ. ಆ ಗಲಾಟೆ ಹೆಚ್ಚಾದ್ರೆ ಕೋಶ ಗ್ರಾಹಿ ಮಾಡೋದನ್ನೇ ಕಮ್ಮಿ ಮಾಡಬಹುದು."

"ಅತ್ತೆ ಬಾಯಿ ಜೋರಿದ್ರೆ ಸೊಸೆ ಮುಖ ತೋರಿಸಲ್ಲ, ಹಾಗೆ."

"ಹಾಗೇ!"

"ಸರಿ ತಾಯಿ. ಪಕ್ಕದ ಮನೆ ಸೊಸೆ ಎಲ್ಲಿ ಹೋದ್ಲು?"

ಅಕ್ಕ ಸೂಕ್ಷ್ಮದರ್ಶಕದಡಿ ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದರು. ಗಡ್ಡೆಯ ಅಂಚಿನಲ್ಲಿ ರೋಗ ತಾಗದ ಹಾಲಿನ ನಾಳವೊಂದಿತ್ತು. ಅಂಥ ನಾಳದಲ್ಲಿ ಅಲ್ಲೊಂದು ಇಲ್ಲೊಂದು ಕೋಶವಾದರೂ ಕಂದುಬಣ್ಣ ಹಿಡಿಯಬೇಕು. ಇಲ್ಲಿ ಒಂದೂ ಹಿಡಿದಿರಲಿಲ್ಲ.

"ಈ ಮನೇಲಿ ಅತ್ತೆ ಗಲಾಟೆ ಇಲ್ವಲ್ಲ. ಇವಳ್ಯಾಕೆ ಮುನಿಸಿಕೊಂಡ್ಲು?"

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಗ್ರಾಹಿ ಇಲ್ಲವೆಂದಲ್ಲ, ಬಣ್ಣವೇ ಹಿಡಿದಿಲ್ಲ! ಆ ಕಾಗದ ಹಾಗೇ ಹೋಗಿದ್ದರೆ ಬಸ್ಸಿನ ಹೆಂಗಸಿಗೆ ವರ್ಷಗಟ್ಟಲೆ ಕಾವಲಿರಬೇಕಾದ ಮಾತ್ರೆ ತಪ್ಪಿಹೋಗುತ್ತಿತ್ತು. ಡಾಕ್ಟರು ಹೊರಗೆ ಹೋಗಿ, "ನಾಳೆ ಬನ್ನಿ ಅಮ್ಮ, ಇನ್ನೊಂದು ಸಲ ನೋಡ್ತೀವಿ" ಎಂದರು.

ಅಕ್ಕ ಪಕ್ಕದ ಲ್ಯಾಬಿನಿಂದ ಕುಕ್ಕರು ಎರವಲು ತಂದು ಹೊಸ ಚೂರು ಬೇಯಿಸಿದರು. ಮರುದಿನ ನಾಳದಲ್ಲಿ ಕಂದು ಚುಕ್ಕೆಗಳು ಮೂಡಿದ್ದವು. ಗಡ್ಡೆಯಲ್ಲಂತೂ ಧಾರಾಳವಾಗಿ!

"ಅತ್ತೆ ಸೊಸೆ ಇಬ್ಬರೂ ಇದ್ದಾರೆ ಅಕ್ಕ," ಎಂದರು ಡಾಕ್ಟರು. "ಒಗ್ಗಟ್ಟಾದ್ರೆ ಇನ್ನೂ ಕಷ್ಟ. ಹಾರ್ಮೋನು ಬರದಿದ್ರೂ ಹರ್-ಟು ಕಳಿಸೋ ಸುದ್ದಿಯೇ ಗ್ರಾಹಿನ ಎಬ್ಬಿಸಬಹುದು. ಇಬ್ಬರಿಗೂ ಔಷಧಿ ಬೇಕು."

ಬಸ್ಸಿನ ಹೆಂಗಸಿನ ಚೀಟಿಯಲ್ಲಿ ಎರಡೂ ಔಷಧಿ ಸೇರಿದವು.

ಶುಕ್ರವಾರದ ಸಭೆಯಲ್ಲಿ ಡಾಕ್ಟರು ಇಪ್ಪತ್ತು ನಿಮಿಷ ಚಿತ್ರಸಮೇತ ಅಕ್ಕನ ಸಾಹಸವನ್ನು ಬಣ್ಣಿಸಿದರು. ಚಪ್ಪಾಳೆ ಬಿತ್ತು. ದೊಡ್ಡ ಡಾಕ್ಟರು ಎದ್ದು ನಿಂತು, "ಅಕ್ಕ, ಇಂಥ ದಿವ್ಯದೃಷ್ಟಿ ನಿಮಗೆ ಹೇಗೆ ಬಂತು? ನಮಗೂ ನಾಲ್ಕು ಮಾತು ಹೇಳಿ" ಎಂದರು.

ಅಕ್ಕ ಎದ್ದರು. ಸಭೆಯವರು ಬರೆದುಕೊಳ್ಳಲು ಪೆನ್ನು ತೆರೆದರು.

"ನಮ್ಮ ಕುಕ್ಕರಿನ ರಬ್ಬರು ಹೋಗಿದೆ ಸಾರ್. ಹೊಸದು ತರಿಸಿ."