ಸಿಹಿನೀರಿನ ತಳದ ಅಡುಗೆಮನೆ

ಬೆಳಕು ಹರಿಯುವ ಮೊದಲು ಜಲಜಾ ಮುಗಿಸಬೇಕಾದ ಕೆಲಸಗಳು: ಬಾಗಿಲಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು ಕಾಯಿಸುವುದು. ನಲ್ಲಿಯಲ್ಲಿ ನೀರು ಇರುವಾಗಲೇ ಬಕೆಟ್ಟು, ಬಿಂದಿಗೆ, ಡ್ರಮ್ಮು ತುಂಬಿಸುವುದು. ಹೊಸ್ತಿಲು ಒರೆಸಿ ಎರಡೆಳೆ ರಂಗೋಲಿ. ಅತ್ತೆಗೆ ಥೈರಾಯ್ಡ್ ಮಾತ್ರೆ, ಸ್ವಲ್ಪ ಹೊತ್ತು ಬಿಟ್ಟು ಕಾಫಿ, ಹಿಂದುಮುಂದು ಆಗಬಾರದು. ಗಂಡನ ಕಾಫಿಗೆ ಸಕ್ಕರೆಯಿಲ್ಲ, ಮಗಳದ್ದಕ್ಕೆ ಹಾಲು ಜಾಸ್ತಿ. ಕುಕ್ಕರಿಗೆ ಬೇಳೆ. ದೇವರ ಪಾತ್ರೆ. ಗೋಡೆಯ ತಮಿಳು ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿಯುವುದು.

ಈಚೆಗೆ ಇನ್ನೊಂದು ಸೇರಿತ್ತು. ಕುಕ್ಕರು ಕೂಗುವ ಹೊತ್ತಿಗೆ ದಪ್ಪ ರಬ್ಬರಿನ ಕೈಗವಸು ತೊಟ್ಟು, ಕಿಟಕಿಯ ಸರಳಿಗೆ ನೀರಲ್ಲಿ ಮುಳುಗುವವರ ಒಂದು ಹಿತ್ತಾಳೆ ಕೊಕ್ಕೆ ಸಿಕ್ಕಿಸಿ ಬಿಚ್ಚುವುದು, ಸಿಕ್ಕಿಸಿ ಬಿಚ್ಚುವುದು.

"ಇದೇನೇ ಜಲಜಾ, ಕಿಟಕಿಗೂ ಕೊಕ್ಕೆಗೂ ಮದುವೆ ಮಾಡಿಸ್ತಿದೀಯಾ?" ಅತ್ತೆ ಗೋದಾಬಾಯಿ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಅಲ್ಲಿ ನೀರು ಐಸಿನ ಹಾಗಿರುತ್ತಂತೆ ಅತ್ತೆ. ಗವಸು ಹಾಕ್ಕೊಂಡೇ ಎಲ್ಲ ಮಾಡಬೇಕು."

"ಕಂಡೂ ಕಂಡೂ ಐಸಿಗೆ ಬೀಳೋದಕ್ಕೆ ವಿಮಾನ ಹತ್ತಬೇಕಾ! ನಮ್ಮ ಫ್ರಿಜ್ಜಿಗೇನಾಗಿತ್ತು?"

ಜಲಜಾ ನಕ್ಕಳು. ನಂಜನಗೂಡಿನಿಂದ ಮದುವೆಯಾಗಿ ಮೈಲಾಪೂರಿನ ಈ ಫ್ಲ್ಯಾಟಿಗೆ ಬಂದವಳು, ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ನೋಡುವವಳು, ನಲವತ್ತರ ಆಚೆ ಸೊಂಟ ಹಿಡಿದುಕೊಂಡಾಗ ಡಾಕ್ಟರು ಈಜು ಕಲಿಯಿರಿ ಎಂದದ್ದಕ್ಕೆ ಕೊಳಕ್ಕೆ ಇಳಿದವಳು. ಸೊಂಟ ಸರಿಹೋಯಿತು, ಜಲಜಾ ಮಾತ್ರ ಮೇಲೆ ಬರಲಿಲ್ಲ. ಕೊಳದಲ್ಲಿ ಪರಿಚಯವಾದ ಮಾಧವಿ, ಕುಮಟೆಯ ಕಡೆಯ ಹುಡುಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುವವಳು. ಅವಳ ಹಿಂದೆ ಹೋಗಿ ಜಲಜಾ ಊರ ಹೊರಗಿನ ಕೋವಲಂ ಕಡಲಿಗೂ ಇಳಿದಳು. ನೀರೊಳಗೆ ಯಾರೂ ಕರೆಯುವುದಿಲ್ಲ, ಕರೆದರೂ ಕೇಳುವುದಿಲ್ಲ ಎಂಬುದೇ ಮೊದಲ ದಿನ ಅವಳಿಗೆ ಹಿಡಿದ ಹುಚ್ಚು.

ಆ ಕಡಲಲ್ಲಿ ಕಾಣುವುದು ಹೆಚ್ಚೆಂದರೆ ತನ್ನ ಮೊಣಕೈವರೆಗೆ. ಒಂದು ದಿನ ಮಾಧವಿ ಫೋನಿನಲ್ಲಿ ಬೇರೆಯದೇ ನೀರಿನ ವೀಡಿಯೊ ತೋರಿಸಿದಳು. ಕೆನಡಾದ ಹ್ಯೂರಾನ್ ಸರೋವರ. ಅದರ ತಳದಲ್ಲಿ ಮರದ ಹಡಗು, ನಿನ್ನೆ ತಾನೇ ಇಳಿಸಿ ಕೂರಿಸಿದ ಹಾಗೆ.

"ಮರ ಕೊರಿಯೋ ಹುಳ ಉಪ್ಪುನೀರಿಂದು ಅಕ್ಕ. ಅಲ್ಲಿ ಸಿಹಿನೀರು, ಮೇಲಿಂದ ಚಳಿ. ನೂರು ವರ್ಷ ದಾಟಿದ್ರೂ ಹಲಗೆ ಹಲಗೆಯಾಗೇ ಉಂಟು."

ದೀಪದ ಬೆಳಕು ಹಡಗಿನ ಒಂದು ಕಿಂಡಿಯೊಳಗೆ ಹೋಯಿತು. ಒಳಗೆ ಕಬ್ಬಿಣದ ಒಲೆ, ಪಕ್ಕದಲ್ಲಿ ಒಂದು ಕೆಟಲ್ಲು. ಹಡಗಿನ ಅಡುಗೆಮನೆ! ನೂರು ವರ್ಷದಿಂದ ಒಲೆ ಹಚ್ಚದ ಅಡುಗೆಮನೆ, ರಾತ್ರಿಗೇನು ಎಂದು ಯಾರೂ ಬಂದು ಕೇಳದ ಅಡುಗೆಮನೆ. ಅದನ್ನು ಕಣ್ಣಾರೆ ನೋಡಬೇಕು ಎಂದುಕೊಂಡಳು.

ಅಲ್ಲಿಂದ ಶುರುವಾಯಿತು ಏರ್ಪಾಡು. ಆ ಸರೋವರದ ಪಾರ್ಕಿನವರ ಹತ್ತಿರ ಹೆಸರು ಬರೆಸಿ, ಮುಳುಗಲು ಕಲಿತದ್ದಕ್ಕೆ ಕೊಟ್ಟ ಕಾರ್ಡು ತೋರಿಸಬೇಕು. ಒಂಟಿಯಾಗಿ ಹೋದವರಿಗೆ ಹಡಗಿನ ಜಾಗಕ್ಕೆ ಕರೆದೊಯ್ಯುವ ದೋಣಿಯವರೇ ಜೊತೆಗಾರರನ್ನು ಹೊಂದಿಸುತ್ತಾರೆ. ಮೈಗೆ ನೀರೇ ತಾಗದ ಚಳಿಯುಡುಪನ್ನು ಮೊದಲು ಆಳವಿಲ್ಲದ ಕಡೆ ಹಾಕಿ ಕಲಿಯಬೇಕು. "ಸೊಂಟಕ್ಕೆ ಕಟ್ಟೋ ಸೀಸದ ತೂಕ ಕೋವಲಂ ಲೆಕ್ಕದಲ್ಲಿ ಹಾಕ್ಬೇಡಿ, ಅಲ್ಲಿ ದಡದ ನೀರಲ್ಲೇ ನಿಂತು ನೋಡಿ ಹಾಕಿ" ಎಂದು ಮಾಧವಿ ಹತ್ತು ಸಲ ಹೇಳಿದಳು. ಕೊನೆಯ ಸಲ ಮುಳುಗಿದ ಮೇಲೆ ಒಂದು ದಿನ ಸುಮ್ಮನಿದ್ದೇ ವಿಮಾನ ಹತ್ತಬೇಕು. ಒಂದು ದಿನ ಸುಮ್ಮನಿರಬೇಕು ಎನ್ನುವುದೂ ನಿಯಮವಾಗಬಹುದೆಂದು ಜಲಜಾಗೆ ಗೊತ್ತಿರಲಿಲ್ಲ.

ಇದೆಲ್ಲ ಸುಲಭವೇ ಆಯಿತು. ಕಷ್ಟವಾದದ್ದು ತಾನಿಲ್ಲದ ಮನೆಯ ಏರ್ಪಾಡು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಗೊಜ್ಜು. ಯಾವ ಮಾತ್ರೆ ಯಾವ ಡಬ್ಬಿಯಲ್ಲಿ, ನೀರಿನ ಕ್ಯಾನಿನವನಿಗೆ ಯಾವಾಗ ಹೇಳಬೇಕು. ಬ್ಯಾಂಕಿನಲ್ಲಿ ಮ್ಯಾನೇಜರಾದ ಗಂಡ ಕಮಲಾಕರ ಇಡೀ ಬ್ರ್ಯಾಂಚು ನಡೆಸುತ್ತಾನೆ, ಆದರೆ ಉದ್ದಿನಬೇಳೆ ಎಲ್ಲಿದೆ ಎಂದು ಅವನಿಗೆ ತಿಳಿಯದು.

ಮಾವನ ಶ್ರಾದ್ಧ ಮುಗಿಸಿಯೇ ಹೊರಡಬೇಕೆಂದು ದಿನವನ್ನೂ ನೋಡಿದ್ದಳು. ಅದು ಬರುವುದು ಶ್ರಾವಣದಲ್ಲಿ, ಅಂದರೆ ಗೋಡೆಯ ಕ್ಯಾಲೆಂಡರಿನ ಆಡಿ ತಿಂಗಳಲ್ಲಿ. ಅದು ಮುಗಿದು ಆವಣಿ ತಿಂಗಳು ಹುಟ್ಟಿದ ಮೇಲೆ ಹೊರಟರಾಯಿತು. ಆಗಸ್ಟಿನ ಕೊನೆಗೆ ಟಿಕೆಟ್ಟು ತೆಗೆದಳು. ವೀಸಾ ಬಂತು, ರಜೆಯೂ ಸಿಕ್ಕಿತು.

ಆಮೇಲೆ ಒಂದು ಸಂಜೆ ಪುರೋಹಿತರಾದ ಪದ್ಮನಾಭಾಚಾರ್ ಫೋನು ಮಾಡಿ ಶ್ರಾದ್ಧದ ದಿನ ಹೇಳಿದರು. ಅದು ಸರಿಯಾಗಿ ಅವಳ ಪ್ರವಾಸದ ವಾರದ ನಡುವೆ ಬಂದು ಕೂತಿತ್ತು.

ಈ ವರ್ಷ ಅಧಿಕಮಾಸ. ಚಂದ್ರನ ಲೆಕ್ಕದ ನಮ್ಮ ಶ್ರಾವಣ ಮುಂದಕ್ಕೆ ಹೋಗಿತ್ತು. ಸೂರ್ಯನ ಲೆಕ್ಕದ ತಮಿಳು ತಿಂಗಳಿಗೆ ಅದರ ಗೊಡವೆಯಿಲ್ಲ, ಇದ್ದಲ್ಲೇ ಇತ್ತು. ಅಧಿಕಮಾಸದ ದಾನಕ್ಕೆಂದು ಸಿಹಿ ಅಪ್ಪಗಳನ್ನು ಕರಿದವಳೂ ಅವಳೇ. ಕೈ ಕರಿದಿತ್ತು, ತಲೆ ಲೆಕ್ಕ ಹಾಕಿರಲಿಲ್ಲ.

"ಮುಂದಕ್ಕೆ ಹಾಕ್ಕೋ," ಎಂದ ಕಮಲಾಕರ, ಪೇಪರಿನಿಂದ ತಲೆ ಎತ್ತದೆ. "ದಸರಾ ಮುಗಿಸಿ ಹೋಗು."

"ಅಷ್ಟೊತ್ತಿಗೆ ಚಳಿ ಅಂತ ದೋಣಿ ನಿಲ್ಲಿಸಿರ್ತಾರೆ."

"ಹಾಗಾದ್ರೆ ಮುಂದಿನ ವರ್ಷ. ನೂರು ವರ್ಷದಿಂದ ಅಲ್ಲೇ ಬಿದ್ದಿರೋ ಹಡಗು, ಇನ್ನೆಲ್ಲಿ ಓಡಿಹೋಗುತ್ತೆ?"

"ಹಡಗು ಓಡಿಹೋಗಲ್ಲ ರೀ. ನನ್ನ ಸೊಂಟ ಓಡಿಹೋಗುತ್ತೆ. ಆಚಾರ್ರು ಹೇಳಿದ್ರಲ್ಲ, ಮಠದಲ್ಲಿ ಮಾಡಿಸಬಹುದು, ಅಡುಗೆಯೂ ಅಲ್ಲೇ ಅಂತ."

"ಅಪ್ಪನ ಶ್ರಾದ್ಧ ಕಣೇ! ಮನೇಲಿ ನೀನಿಲ್ದೆ ಹೇಗೆ ಮಾಡ್ಲಿ?"

"ಶ್ರಾದ್ಧ ಮಾಡೋದು ನೀವು. ನಾನು ಮಾಡೋದು ಅಡುಗೆ."

ಪೇಪರು ಕೆಳಗಿಳಿಯಿತು. ಕೋಣೆಯೊಳಗಿಂದ ಮಗಳು ಪಾವನಾ ಹೋಗಿ ಬಾ ಎಂದು ತಮಿಳಿನಲ್ಲಿ ಕೂಗಿದಳು: "ಅಮ್ಮಾ, ನೀ ಪೋಮ್ಮಾ! ನಾನ್ ಪಾತ್ತುಕ್ಕರೇನ್."

"ನೀನು ನೋಡ್ಕೊಳ್ಳೋದು ಗೊತ್ತಿದೆ," ಎಂದ ಕಮಲಾಕರ. "ನಿನ್ನ ಕಾಫಿ ಲೋಟಾನ ಮೊದಲು ನೋಡ್ಕೋ. ಬೆಳಗ್ಗಿಂದ ಅಲ್ಲೇ ಇದೆ." ಅವನ ಲೋಟವೂ ಅಲ್ಲೇ ಇತ್ತು.

ಮಾರನೆಯ ದಿನ ಜಲಜಾ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿಯೇಬಿಟ್ಟಳು. "ನೀವೇನಂತೀರಿ ಅತ್ತೆ?"

ಗೋದಾಬಾಯಿ ಕಾಲು ಹಿಂದಕ್ಕೆಳೆದುಕೊಂಡರು. "ನನ್ನ ಕೇಳಬೇಡ. ಹೂಂ ಅಂದ್ರೆ ಅವನಿಗೆ ಸಿಟ್ಟು, ಊಹೂಂ ಅಂದ್ರೆ ನಿನಗೆ. ನನಗೆ ಇಬ್ಬರೂ ಬೇಕು." ಆಮೇಲೆ, "ನನ್ನನ್ನ ಯಾರೂ ಏನೂ ಕೇಳಿದವರಲ್ಲ. ಕೇಳಿದ್ರೆ ಏನು ಹೇಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ ನೋಡು," ಎಂದು ನಕ್ಕರು.

ಆಗಸ್ಟಿನ ಕೊನೆಗೆ ಬರುವುದನ್ನು ಖಚಿತ ಮಾಡಿ, ಇಲ್ಲವಾದರೆ ಜಾಗ ಬೇರೆಯವರಿಗೆ ಎಂದು ದೋಣಿಯವರ ಸಂದೇಶ ಬಂದಿತ್ತು. ಮರುಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದ ಜಲಜಾ ಹಾಲು ಒಲೆಯ ಮೇಲಿಟ್ಟಳು. ಮಾವ ಹೋದಾಗಿನಿಂದ ಪ್ರತಿ ಶ್ರಾದ್ಧಕ್ಕೂ ಇದೇ ಒಲೆಯ ಮುಂದೆ, ಮಡಿಯೆಂದು ಒದ್ದೆ ಸೀರೆ ಉಟ್ಟು, ವಡೆ ಕರಿದು ಎಳ್ಳುಂಡೆ ಕಟ್ಟಿದ್ದಳು. ಬೆಂಕಿಯ ಮುಂದೆ ಒದ್ದೆ ಬಟ್ಟೆ. ಅಲ್ಲಿ ಐಸಿನಂಥ ನೀರೊಳಗೆ ಒಣ ಬಟ್ಟೆ. ಮಾವ ಒಳ್ಳೆಯವರು, ವಡೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಎಲ್ಲಿಂದಲಾದರೂ ಒಂದು ನಮಸ್ಕಾರ ಅವರಿಗೆ ತಲುಪೀತು.

"ಬರುತ್ತೇನೆ" ಎಂದು ದೋಣಿಯವರಿಗೆ ಉತ್ತರ ಕಳಿಸಿದಳು.

ಆಮೇಲೆ ಪದ್ಮನಾಭಾಚಾರ್ ಕೊಟ್ಟಿದ್ದ ಮಠದ ನಂಬರು ತೆಗೆದಳು. ಬೆಳಗ್ಗೆ ಬೇಗನೇ ಸಿಗುತ್ತಾರೆ ಎಂದಿದ್ದರು. ಎಷ್ಟು ಜನ, ಏನೇನು ಅಡುಗೆ, ಯಾವ ಹೊತ್ತಿಗೆ, ದರ್ಭೆ ತರಬೇಕೋ ಬೇಡವೋ, ಎಲ್ಲ ಪ್ರಶ್ನೆಗಳೂ ನಾಲಗೆಯ ತುದಿಯಲ್ಲಿ ಸಿದ್ಧವಾಗಿದ್ದವು. ಹೆಬ್ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು.

ಹಾಲು ಉಕ್ಕಿ ಬಂತು. ಒಲೆ ಸಣ್ಣ ಮಾಡಿ, ಆ ನಂಬರನ್ನು ಕಮಲಾಕರನ ಫೋನಿಗೆ ಕಳಿಸಿದಳು. ತಾನು ಕರೆ ಮಾಡಲಿಲ್ಲ. ಕೈಗವಸು ತೊಟ್ಟು ಕಿಟಕಿಯ ಹತ್ತಿರ ಹೋದಳು.